ಹಾವಾದ ಹೂವಿಯ ಮೊದಲ ತುತ್ತು

ಬಹಳ ಹಿಂದೆ, ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ, ಸುರಗಿಪುರವೆಂಬ ರಾಜ್ಯವಿತ್ತು. ಅದಕ್ಕೊಬ್ಬ ರಾಜನೂ ಇದ್ದ. ಇದ್ದ ಅಂದರೆ ಇದ್ದ, ಅಷ್ಟೇ. ಆಳುತ್ತಿದ್ದವನು ಬೂದಿಗಣ್ಣನೆಂಬ ಮಾಂತ್ರಿಕ. ಅವನಿಗೆ ಎದುರಾಡಿದವನು ಕಲ್ಲಾದ, ದಾರಿ ಬಿಡದವನು ಕಲ್ಲಾದ, ಅವನ ಮುಂದೆ ಕೆಮ್ಮಿದವನೂ ಕಲ್ಲಾದ. ಊರ ತುಂಬ ಮನುಷ್ಯರೆತ್ತರದ ಕಲ್ಲುಗಳು ನಿಂತವು. ಜನ ಮೊದಮೊದಲು ಅತ್ತರು, ಆಮೇಲೆ ಅಭ್ಯಾಸವಾಯಿತು. ಸಾತಕ್ಕ ಎಂಬವಳ ಗಂಡ ಅಂಗಳದಲ್ಲೇ ಕಲ್ಲಾಗಿದ್ದ. ಅವಳು ದಿನಾ ಅವನಿಗೆ ನೀರೆರೆದು, ಆಮೇಲೆ ಅವನ ಚಾಚಿದ ಕೈಗೇ ಒದ್ದೆ ಸೀರೆ ಹರವುತ್ತಿದ್ದಳು.

ಸಾತಕ್ಕನ ಪಕ್ಕದ ಮನೆಯಲ್ಲಿ ಬುಟ್ಟಿ ಹೆಣೆಯುವ ದುಗ್ಗಣ ಮತ್ತು ಅವನ ತಂಗಿ ಹೂವಿ ಇದ್ದರು. ಅವರಿಗೆ ಅಪ್ಪ ಅವ್ವ ಇರಲಿಲ್ಲ. ಹಿಟ್ಟಿನ ಮಡಕೆ ತಳ ಕಂಡ ದಿನ ಇಬ್ಬರ ನಡುವೆ ಒಂದೇ ಮುದ್ದೆ. ದುಗ್ಗಣ ಅದನ್ನು ತಂಗಿಯ ಮುಂದಿಟ್ಟು ಗೋಡೆಯ ಕಡೆ ತಿರುಗಿ ಕೂರುತ್ತಿದ್ದ. "ಉಣ್ಣೋರ ಬಾಯಿ ನೋಡಬಾರದು, ಕಣ್ಣು ತಾಗ್ತದೆ" ಎಂದು ಅವ್ವ ಹೇಳಿಕೊಟ್ಟಿದ್ದಳು. ಅವನು ಬೆನ್ನು ತಿರುಗಿಸಿದರೆ ಹೂವಿ ಉಣ್ಣುತ್ತಿದ್ದಳು. ನೋಡುತ್ತಿದ್ದರೆ ತುತ್ತು ಮುಟ್ಟುತ್ತಿರಲಿಲ್ಲ.

ಹೂವಿಗೆ ಒಂದೇ ದೋಷ, ನಗು ತಡೆಯಲು ಬರುತ್ತಿರಲಿಲ್ಲ. ಒಂದು ದಿನ ಬೂದಿಗಣ್ಣನ ಪಲ್ಲಕ್ಕಿ ಬೀದಿಯಲ್ಲಿ ಬರುವಾಗ ಕಾಗೆಯೊಂದು ಅವನ ರುಮಾಲು ಹಾರಿಸಿಕೊಂಡು ಹೋಯಿತು. ಒಳಗೆ ತಲೆ, ತೊಳೆದಿಟ್ಟ ಮಡಕೆಯ ಹಾಗೆ, ಬೋಳಾಗಿತ್ತು. ಇಡೀ ಬೀದಿ ತುಟಿ ಕಚ್ಚಿ ನಿಂತಿತು. ಹೂವಿ ಮಾತ್ರ ಕಿಲಕಿಲ ನಕ್ಕುಬಿಟ್ಟಳು.

"ಇವಳನ್ನು ಕಲ್ಲು ಮಾಡಲ್ಲ. ಕಲ್ಲಿಗೆ ಹಸಿವಿಲ್ಲ. ಇವಳಿಗೆ ಹಸಿವಿರಲಿ" ಎಂದ ಬೂದಿಗಣ್ಣ. ಒಂದು ಹಿಡಿ ಬೂದಿ ಎರಚಿದ. ಹೂವಿ ನಿಂತಿದ್ದ ಜಾಗದಲ್ಲಿ ಗೇಣುದ್ದದ ಹಾವಿನ ಮರಿ ಬಿದ್ದಿತ್ತು. ಅದನ್ನು ಬಾಲ ಹಿಡಿದೆತ್ತಿ ದುಗ್ಗಣನ ಬುಟ್ಟಿಗೆ ಹಾಕಿದ.

"ತಗೋ, ಸಾಕಿಕೋ. ಹಾವಿನ ಊಟ ಒಂದು ತುತ್ತು ಉಂಡಳೋ, ಸಾಯೋವರೆಗೂ ಹಾವೇ. ಉಣ್ಣಲಿಲ್ಲವೋ, ಹಸಿದು ಸಾಯ್ತಾಳೆ. ಅಣ್ಣ ತಂಗಿ ಕೂತು ಮಾತಾಡಿಕೊಳ್ಳಿ."

ಮುಳುಗುವವನಿಗೆ ಹುಲ್ಲುಕಡ್ಡಿಯೇ ಆಸರೆ. ಹಾವಿನ ಊಟ ತಾನೇ ಬೇಡ, ಮನುಷ್ಯರ ಊಟ ಉಂಡರೆ ತಂಗಿ ಬದುಕುತ್ತಾಳಲ್ಲ ಎಂದುಕೊಂಡ ದುಗ್ಗಣ. ಅನ್ನದ ಅಗುಳಿಟ್ಟ, ಬೆಲ್ಲದ ಚೂರಿಟ್ಟ. ಮರಿ ಮೂಸಿ ಸುರುಳಿ ಸುತ್ತಿಕೊಂಡಿತು.

ಊರವರೆಲ್ಲ ಬಂದು ಬುಟ್ಟಿಯೊಳಗೆ ಬಗ್ಗಿ ನೋಡಿ, ಲೊಚಗುಟ್ಟಿ, ಬಾಯಿಗೆ ಬಂದ ಬುದ್ಧಿ ಹೇಳಿ ಹೋದರು. ಸಾತಕ್ಕ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. "ಕಣ್ಣು ಬಿದ್ದದೆ ಕಣಪ್ಪಾ. ಹಿಂಗೆ ಸಂತೆ ಸೇರಿದ್ರೆ ಯಾವ ಕೂಸು ಉಣ್ತದೆ?" ಹೊಗೆಗೆ ಎಲ್ಲರೂ ಸೀನಿದರು. ದುಗ್ಗಣ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದ. ಹಾಕಿ, ತಾನು ಎರಡೂ ಕಣ್ಣನ್ನು ಬುಟ್ಟಿಯೊಳಗೇ ನೆಟ್ಟು ಕೂತ. ತನ್ನವೂ ಕಣ್ಣೇ ಅಲ್ಲವೇ ಎಂದು ಅವನಿಗೆ ಹೊಳೆಯಲೇ ಇಲ್ಲ.

ಬೆಳ್ಳಿಗುಡ್ಡದ ಹಸುವಿನ ಹಾಲು ಸತ್ತವರ ಬಾಯಿಯನ್ನೂ ತೆರೆಸುತ್ತದೆ ಎಂದು ಯಾರೋ ಹೇಳಿದ್ದರು. ದುಗ್ಗಣ ಬುಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದ. ಅಲ್ಲಿ ಕಬ್ಬಿಣದ ಕೊಂಬಿನ ಗೂಳಿ ಕಾವಲಿತ್ತು. "ಹಾಲು ಬೇಕಾದರೆ ನಿನ್ನ ಕೂದಲಿನ ಕಪ್ಪು ಕೊಡು" ಎಂದಿತು. ಕೊಟ್ಟ. ಹರೆಯದ ಹುಡುಗ ನರೆತ ತಲೆಯಲ್ಲಿ ಇಳಿದು ಬಂದು ಮರಿಯ ಬಾಯಿಗೆ ಹಾಲು ಬಿಟ್ಟ. ಹಾಲು ಮೂಗಿಗೇರಿ ಮರಿ ಗುಳುಗುಳು ಎಂದು ನೊರೆ ಕಾರಿತು, ಇನ್ನೇನು ಹೋಯಿತು ಅನ್ನುವಾಗ ಉಸಿರೆಳೆಯಿತು. ಹಾವು ಹಾಲು ಕುಡಿಯುತ್ತದೆ ಎಂದು ಮೊದಲು ಹೇಳಿದ ಪುಣ್ಯಾತ್ಮ ಯಾರೋ, ಅವನನ್ನು ಕರೆತಂದು ಆ ಮರಿಯನ್ನು ತೋರಿಸಬೇಕಿತ್ತು.

ಎರಡನೆಯ ಸಲ ಕೆಂಡದ ಕೂದಲಿನ ಕರಡಿಯ ಗವಿಗೆ ಹೋದ. ಹೂವಿಗೆ ಜೇನಿನ ತಂಬಿಟ್ಟು ಅಂದರೆ ಪ್ರಾಣ. "ಜೇನು ಬೇಕಾದರೆ ನಿನ್ನ ನಿದ್ದೆ ಕೊಡು" ಎಂದಿತು ಕರಡಿ. ಕೊಟ್ಟ. ತಂಬಿಟ್ಟು ಮಾಡಿ, ಸಾಸಿವೆಯಷ್ಟನ್ನು ಗರಿಕೆಯ ತುದಿಯಿಂದ ಗಂಟಲಿಗೆ ತಳ್ಳಿದ. ಮರಿ ಮೈಯೆಲ್ಲ ಹಿಂಡಿಕೊಂಡು ಹೊರಗೆ ಹಾಕಿತು. ಇನ್ನು ದುಗ್ಗಣನಿಗೆ ನಿದ್ದೆಯೂ ಇಲ್ಲ. ರೆಪ್ಪೆ ಮುಚ್ಚದೆ ಅದನ್ನೇ ನೋಡುತ್ತ, "ಹೂವೀ, ಹೂವೀ" ಎಂದು ಕರೆಯುತ್ತ ಕೂತ. ಮರಿಯ ಚರ್ಮ ಸಡಿಲವಾಗಿ ಬೆನ್ನೆಲುಬು ಕಾಣತೊಡಗಿತು. ಹೆಸರು ಕೇಳಿದಾಗ ಮಾತ್ರ ತಲೆಯೆತ್ತುತ್ತಿತ್ತು.

ಮೂರನೆಯ ಸಲ ಕೋಟೆಯ ಗೋಡೆಯ ಮುದಿ ಉಡದ ಬಳಿಗೆ ಹೋದ. ಅದಕ್ಕೆ ಆ ರಾಜ್ಯದ ಎಲ್ಲ ಬಿಲಗಳ ಗುಟ್ಟೂ ಗೊತ್ತಿತ್ತು.

"ಮನುಷ್ಯರ ಊಟದಲ್ಲಿ ಹಾವಿನ ಗಂಟಲಲ್ಲಿ ಇಳಿಯೋದು ಯಾವುದು?" ಎಂದು ಕೇಳಿದ.

"ಯಾವುದೂ ಇಲ್ಲ" ಎಂದಿತು ಉಡ. "ಆದರೆ ಕೇಳು. ಬೂದಿಗಣ್ಣನ ಜೀವ ಅವನ ಮೈಯಲ್ಲಿಲ್ಲ. ಈ ಗೋಡೆಯ ಬುಡದ ಬಿಲದಲ್ಲಿ ಒಂದು ಬಿಳಿ ಸುಂಡಿಲಿ ಇದೆ, ಅದರಲ್ಲಿದೆ. ಬಿಲ ಬೆರಳಿನಷ್ಟು ಸಣ್ಣದು, ಬೆಕ್ಕು ತೂರಲ್ಲ, ನಾನೂ ತೂರಲ್ಲ. ನಿನ್ನ ತಂಗಿ ತೂರ್ತಾಳೆ. ಅವಳು ಅದನ್ನು ನುಂಗಿದರೆ ಅವನು ಸಾಯ್ತಾನೆ, ಕಲ್ಲುಗಳೆಲ್ಲ ಮನುಷ್ಯರಾಗ್ತವೆ."

"ಹೂವಿ?"

"ಉಂಡವಳು ಹಾವೇ. ಆ ಮಾತು ಅವನು ಸತ್ತರೂ ಸಾಯಲ್ಲ."

"ಹಾಗಾದರೆ ಇಂಥ ಮರಿಯನ್ನು ಅವನೇ ಯಾಕೆ ನನ್ನ ಕೈಗೆ ಕೊಟ್ಟ?"

"ಅಣ್ಣನಾದವನು ಉಣ್ಣಿಸಲ್ಲ ಅಂತ ಅವನಿಗೆ ಧೈರ್ಯ. ನಿಮ್ಮ ಪ್ರೀತಿಯನ್ನೇ ಅವನು ಕಾವಲಿಗೆ ಇಟ್ಟಿದ್ದಾನೆ."

ದುಗ್ಗಣ ಬಿಲದ ಬಾಯಿಗೆ ಬೆರಳಿಟ್ಟು ಅಳೆದು ನೋಡಿದ. ಆಮೇಲೆ "ಈ ಮಾತಿಗೆ ಬೆಲೆ ಏನು?" ಎಂದ.

"ನಿನ್ನ ಹತ್ತಿರ ಉಳಿದಿರೋದು ಒಂದೇ. ಅದನ್ನು ನಾನು ಕೇಳಲ್ಲ" ಎಂದು ಉಡ ಗೋಡೆಯೊಳಗೆ ಸರಿಯಿತು.

ದುಗ್ಗಣ ಮನೆಗೆ ಬಂದು ಸಾತಕ್ಕನಿಗೆ ಎಲ್ಲ ಹೇಳಿದ. ಅವಳು ಗಂಡನ ಕಲ್ಲಿನ ಕೈಯಿಂದ ಸೀರೆ ತೆಗೆದು ಮಡಚುತ್ತ ನಿಂತಳು, ಮಡಚಿದ್ದನ್ನೇ ಮತ್ತೆ ಮಡಚಿದಳು. "ಮಾಡು ಅಂತ ನಾನು ಬಾಯಿಬಿಟ್ಟು ಕೇಳಾಕಿಲ್ಲ ಕಣಪ್ಪಾ" ಎಂದಳು. "ಬ್ಯಾಡ ಅನ್ನಾಕೂ ನನ್ ಕೈಲಾಗದು." ಅವಳು ಕೇಳಿದ್ದರೆ ಅವನಿಗೆ ಸಿಟ್ಟಾದರೂ ಬರುತ್ತಿತ್ತು. ಕೇಳಲಿಲ್ಲ, ಅದೇ ಕಷ್ಟವಾಯಿತು.

ಮರುದಿನ ಬಿಸಿಲೇರಿದಾಗ ಬುಟ್ಟಿಯನ್ನು ಕೋಟೆಯ ಗೋಡೆಯ ಬುಡಕ್ಕೆ ಒಯ್ದು ಬಿಲದ ಬಾಯಿಗೆ ತಾಗಿಸಿ ಇಟ್ಟ. ಒಂದೂ ಮುಚ್ಚಿಡದೆ ಮರಿಗೆ ಹೇಳಿದ, ಯಾರು ಬಿಡುಗಡೆಯಾಗುತ್ತಾರೆ, ಯಾರು ಆಗುವುದಿಲ್ಲ ಎಂಬುದನ್ನೂ. "ಹೂವಿ, ಉಣ್ಣವ್ವಾ. ಉಂಡರೆ ನೀನು ನನಗಿಲ್ಲ, ಉಣ್ಣದಿದ್ದರೆ ನೀನೇ ಇಲ್ಲ. ಹಾವಾಗಿಯಾದರೂ ಇರು" ಎಂದ.

ಬಿಳಿ ಸುಂಡಿಲಿ ಬಿಲದಿಂದ ಮೂತಿ ತೋರಿಸಿ, ಇವರಿಬ್ಬರನ್ನೂ ನೋಡಿ, ಹೆದರದೆ ಮೀಸೆ ಒರೆಸಿಕೊಂಡು ಒಳಗೆ ಹೋಯಿತು. ಮರಿಯ ನಾಲಿಗೆ ಆಡಿತು. ಹಸಿವಿಗೆ ಮೈ ನಡುಗಿತು. ಆದರೆ ತಲೆಯೆತ್ತಿ ಅಣ್ಣನ ಮುಖ ನೋಡಿ ಮತ್ತೆ ಸುರುಳಿಯಾಯಿತು.

ಆಗ ದುಗ್ಗಣನಿಗೆ ಅರ್ಥವಾಯಿತು. ಊರವರ ಕಣ್ಣಿಗೆಲ್ಲ ಬಾಗಿಲು ಹಾಕಿದ್ದ, ತನ್ನ ಕಣ್ಣನ್ನು ಬಿಟ್ಟು. ಅಣ್ಣ ನೋಡುತ್ತಿರುವಾಗ, ಹೆಸರು ಹಿಡಿದು ಕರೆಯುತ್ತಿರುವಾಗ, ಅವಳು ಇಲಿ ನುಂಗುವುದಾದರೂ ಹೇಗೆ? ಅವಳನ್ನು ಇಷ್ಟು ದಿನ ಉಪವಾಸ ಕೆಡವಿದ್ದು ತಾನೇ.

ಮುದ್ದೆ ಒಂದೇ ಇದ್ದ ದಿನಗಳಂತೆ ಬೆನ್ನು ತಿರುಗಿಸಿ ಕೂತ. ಹೆಸರು ನಾಲಿಗೆಯ ತುದಿಗೆ ಬಂತು, ಹಲ್ಲು ಕಚ್ಚಿ ನುಂಗಿದ. ಹಿಂದೆ ಬುಟ್ಟಿಯ ಬಿದಿರು ಕಿರುಗುಟ್ಟಿತು. ಆಮೇಲೆ ಮಣ್ಣು ಸರಿದ ಸದ್ದು. ಅಳುತ್ತಲೇ ಕೂತ, ತಿರುಗಲಿಲ್ಲ. ಬಿಲದೊಳಗೆ ಚೀಂ ಎಂದಿತು, ಒಂದೇ ಸಲ.

ಅರಮನೆಯಲ್ಲಿ ಹೋಳಿಗೆ ಮುರಿಯುತ್ತಿದ್ದ ಬೂದಿಗಣ್ಣ ಕೂತಲ್ಲೇ ಬೂದಿಯಾದ. ಊರ ತುಂಬ ಕಲ್ಲುಗಳು ಕೆಮ್ಮಿದವು, ಮೈಮುರಿದವು, ನಡೆದವು. ಸಾತಕ್ಕನ ಗಂಡ ಕೈ ಇಳಿಸಿ, "ಹಸಿವು ಕಣೇ, ಮುದ್ದೆ ಇಕ್ಕು" ಎಂದ. ಅವಳು ಬಡಿಸಿ ನೋಡುತ್ತ ಕೂತಳು. ನೋಡಬಾರದೆಂಬುದು ಅವಳಿಗೂ ಮರೆತುಹೋಗಿತ್ತು.

ದುಗ್ಗಣ ಸದ್ದೆಲ್ಲ ಅಡಗಿದ ಮೇಲೆ ತಿರುಗಿದ. ಹೊಟ್ಟೆಯ ನಡುವೆ ಉಬ್ಬಿದ ಮರಿಯೊಂದು ಬಿಲದ ಬಾಯಲ್ಲಿ ಬಿಸಿಲು ಕಾಯುತ್ತಿತ್ತು. "ಹೂವಿ" ಎಂದ. ತಲೆಯೆತ್ತಲಿಲ್ಲ. ಕೈ ಚಾಚಿದ. ಬುಸ್ಸೆಂದಿತು. ಕೈ ಹಿಂದಕ್ಕೆ ತೆಗೆದುಕೊಂಡ.

ರಾಜ ಬಿಲದ ಸುತ್ತ ಕಟ್ಟೆ ಕಟ್ಟಿಸಿದ. ವರ್ಷಕ್ಕೊಮ್ಮೆ ಊರಿಗೆ ಊರೇ ಬಂದು ತಂಬಿಗೆಗಟ್ಟಲೆ ಹಾಲೆರೆಯುತ್ತದೆ. "ಅದು ಹಾಲು ಕುಡಿಯಲ್ಲ ಕಣ್ರಪ್ಪಾ" ಎಂದು ಬಿಳಿತಲೆಯ ದುಗ್ಗಣ ಪ್ರತಿ ಸಲವೂ ಹೇಳುತ್ತಾನೆ, ಯಾರೂ ಕೇಳುವುದಿಲ್ಲ. ಅವರು ಹೋದ ಮೇಲೆ ಹಾಲು ಒರೆಸಿ, ಬಿಲಕ್ಕೆ ಬೆನ್ನು ಹಾಕಿ ಬುಟ್ಟಿ ಹೆಣೆಯುತ್ತ ಕೂರುತ್ತಾನೆ.

ಹೀಗೆ ಮಾಂತ್ರಿಕ ಹಾಳಾಗಿ, ಸುರಗಿಪುರದಲ್ಲಿ ಎಲ್ಲರೂ ಸುಖವಾಗಿದ್ದರು. ದುಗ್ಗಣನೂ ಇದ್ದ.