ಕೊಬ್ಬು ಕರಗುವ ಮುನ್ನ

ಮೂರು ದಿನದಲ್ಲಿ ಹೋಗಿ ಬರಬೇಕು. ಇಪ್ಪತ್ತು ಸಾವಿರ ಗುಲಗಂಜಿ ಹುಳುಗಳನ್ನು ಜೀವಂತವಾಗಿ, ಅದಕ್ಕಿಂತ ಮುಖ್ಯವಾಗಿ ತಣ್ಣಗೆ, ಬೆಟ್ಟದಿಂದ ಇಳಿಸಬೇಕು. ಕೀಟಶಾಲೆಯ ಮೇಜಿನ ಮೇಲೆ ನಕ್ಷೆ ಹರಡಿ ಕೀಟತಜ್ಞೆ ಇಷ್ಟೇ ಹೇಳಿದಳು.

ಅವಳ ಹಿಂದಿನ ಕಪಾಟಿನಲ್ಲಿ ಗಾಜಿನ ಭರಣಿಗಳು ಸಾಲಾಗಿದ್ದವು. ಒಳಗೆ ಕೆಂಪು ಬೆನ್ನು, ಕಪ್ಪು ಚುಕ್ಕೆಯ ಹುಳುಗಳು ತಿನ್ನುತ್ತಿದ್ದವು, ಓಡಾಡುತ್ತಿದ್ದವು, ಜೋಡಿಯಾಗುತ್ತಿದ್ದವು. ಮೊಟ್ಟೆ ಮಾತ್ರ ಇಡುತ್ತಿರಲಿಲ್ಲ. ಇನ್ನೆರಡು ವಾರದಲ್ಲಿ ಕಣಿವೆಯ ಹಣ್ಣಿನ ತೋಟಗಳಿಗೆಲ್ಲ ಗಿಡಹೇನು ಮುತ್ತುತ್ತದೆ. ಅದನ್ನು ತಿಂದು ತೇಗುವವು ಈ ಹುಳುಗಳ ಮರಿಗಳೇ. ಮರಿಗಳಿಲ್ಲದಿದ್ದರೆ ವಿಷ ಹೊಡೆಯಬೇಕು. ವಿಷ ಹೊಡೆದರೆ ಹೂವಿಗೆ ಬರುವ ಜೇನುನೊಣಗಳೂ ಉಳಿಯುವುದಿಲ್ಲ.

"ಒಂದು ಹೆಣ್ಣನ್ನ ಕೊಯ್ದು ನೋಡಿದೆ," ಎಂದಳು ಕೀಟತಜ್ಞೆ. "ಹೊಟ್ಟೇಲಿ ಕೊಬ್ಬೇ ಇಲ್ಲ. ಚಳಿಗಾಲಕ್ಕೆ ಮುಂಚೆ ತಿಂದು ಕೂಡಿಟ್ಟ ಕೊಬ್ಬಿನ ಮೇಲೆ ಅವು ತಿಂಗಳುಗಟ್ಟಲೆ ಮಲಗಿರ್ತವೆ. ಉಳಿದದ್ದು ಮೊಟ್ಟೆಗೆ ಹೋಗುತ್ತೆ. ಬರಿಗೈ ಆದವು ಈಗ ಎಷ್ಟು ತಿಂದ್ರೂ ಮೊದಲು ತಮ್ಮ ಜೀವ ನೋಡ್ಕೊಳ್ತವೆ. ಬೆಟ್ಟದ ಮೇಲಿನವು ಚಳೀಲಿ ಇನ್ನೂ ಮಲಗಿವೆ, ಅವುಗಳ ಕೊಬ್ಬು ಹಾಗೇ ಇದೆ."

"ನಾನು ಈವರೆಗೂ ಕೊಬ್ಬು ಅಂದ್ರೆ ಬೈಗುಳ ಅಂದ್ಕೊಂಡಿದ್ದೆ," ಎಂದ ಫ್ರಿಜ್ ಮೆಕ್ಯಾನಿಕ್. ಬೆನ್ನ ಮೇಲೆ ಸದಾ ಹಲಗೆಯಂಥ ಚೀಲ ಹೊತ್ತು ನಿಧಾನಕ್ಕೆ ನಡೆಯುವ ಅವನನ್ನು ಎಲ್ಲರೂ ಕರೆಯುತ್ತಿದ್ದುದು ಆಮೆ ಎಂದೇ.

ಮಾತು ಹಗುರಾಗಿದ್ದರೂ ಅವನ ಮುಖ ಹಾಗಿರಲಿಲ್ಲ. ಚಳಿಗಾಲದ ನಡುವೆ ಕೀಟಶಾಲೆಯ ಶೀತಕಪಾಟು ಕೆಟ್ಟಿತ್ತು. ಇವತ್ತು ಬರ್ತೀನಿ, ನಾಳೆ ಬರ್ತೀನಿ ಎಂದು ಅವನು ಬಂದದ್ದು ಆರನೆಯ ದಿನ. ಆ ಆರು ದಿನ ಹುಳುಗಳು ಬೆಚ್ಚಗಾಗಿ ಎದ್ದು, ಉಪವಾಸದಲ್ಲೇ ಭರಣಿ ಸುತ್ತಿ ಕೊಬ್ಬನ್ನೆಲ್ಲ ಸುಟ್ಟುಕೊಂಡಿದ್ದವು. ಯಾರೂ ಅವನನ್ನು ಬೈದಿರಲಿಲ್ಲ. ಅದೇ ಅವನಿಗೆ ಮುಳ್ಳಾಗಿತ್ತು.

ದಾರಿ ತೋರಿಸುವವಳು ಕೀಟತಜ್ಞೆಯ ಅತ್ತಿಗೆ. ಬೆಟ್ಟದಲ್ಲಿ ಸಿಕ್ಕಿಬಿದ್ದವರನ್ನು ಹಗ್ಗ ಕಟ್ಟಿ ಇಳಿಸುವುದು ಹದಿನೈದು ವರ್ಷದಿಂದ ಅವಳ ಕೆಲಸ. ಆಮೆ ತಯಾರಿಸಿದ ಎರಡು ತಗಡಿನ ಪೆಟ್ಟಿಗೆಗಳನ್ನು ಎತ್ತಿ ನೋಡಿದಳು. ಗೋಡೆಗಳು ಜೋಡಿಯಾಗಿದ್ದವು, ನಡುವೆ ಹಿಮ ತುಂಬಲು ಜಾಗವಿತ್ತು, ಮುಚ್ಚಳದಲ್ಲಿ ಗಾಳಿಗೆ ತೂತುಗಳಿದ್ದವು.

"ಹೊರೋದು ಯಾರು?"

"ನಾನೇ," ಎಂದ ಆಮೆ.

ಮೊದಲ ದಿನ ಕಾಡು ದಾಟಿದರು. ಎರಡನೆಯ ದಿನ ಮರಗಳು ಗಿಡ್ಡವಾದವು, ಪೊದೆಗಳಾದವು, ಕೊನೆಗೆ ಇಲ್ಲವೇ ಆದವು. ಮುಂದೆ ಬೂದುಬಣ್ಣದ ಬಂಡೆಗಳ ಇಳಿಜಾರು, ಅದರ ಮೇಲೆ ತುಂಡುತುಂಡಾಗಿ ಉಳಿದ ಹಿಮ, ಅದರಾಚೆ ಕಣ್ಣು ಚುಚ್ಚುವಷ್ಟು ನೀಲಿ ಆಕಾಶ. ಗಾಳಿ ಎಷ್ಟು ತೆಳುವಾಗಿತ್ತೆಂದರೆ ಹತ್ತು ಹೆಜ್ಜೆಗೊಮ್ಮೆ ಆಮೆ ನಿಂತು ಏದುಸಿರು ಬಿಡುತ್ತಿದ್ದ. ಅತ್ತಿಗೆ ತಿರುಗಿ ನೋಡದೆ ತಾನೂ ನಿಲ್ಲುತ್ತಿದ್ದಳು. ಅವನ ಮರ್ಯಾದೆ ಉಳಿಯಲೆಂದು ಬೂಟಿನ ದಾರ ಬಿಗಿಯುವಂತೆ ನಟಿಸುತ್ತಿದ್ದಳು.

ಶಿಖರದ ಕೆಳಗಿನ ಬಿರುಕೊಂದರಲ್ಲಿ ಕೀಟತಜ್ಞೆ ಚಪ್ಪಟೆ ಕಲ್ಲೊಂದನ್ನು ಎತ್ತಿದಳು. ಕಲ್ಲಿನಡಿ ಮುಷ್ಟಿ ಮುಷ್ಟಿಯಷ್ಟು ಹುಳುಗಳು ಕೆಂಪು ಮಣಿಗಳಂತೆ ಒಂದಕ್ಕೊಂದು ಅಂಟಿ ನಿದ್ದೆಯಲ್ಲಿದ್ದವು.

"ಚಮಚದಲ್ಲಿ ತೆಗೀರಿ. ಕೈ ಬಿಸಿ ತಾಗಿದ್ರೆ ಏಳ್ತವೆ," ಎಂದು ಅವಳು ಪಿಸುಗುಟ್ಟಿದಳು. ಮರದ ಹೊಟ್ಟು ಹಾಕಿದ ಬಟ್ಟೆಚೀಲಗಳಲ್ಲಿ ಹುಳು ತುಂಬಿ, ಪೆಟ್ಟಿಗೆಯ ಗೋಡೆಗಳ ನಡುವೆ ಹಿಮ ಒತ್ತಿದರು. ಉಷ್ಣಮಾಪಕ ಮೂರು ಡಿಗ್ರಿ ತೋರಿಸಿತು.

ಮೂರನೆಯ ದಿನ ಬೆಳಿಗ್ಗೆ ಬೆಟ್ಟ ತನ್ನ ಆಟ ಶುರುಮಾಡಿತು. ಅವರು ಹತ್ತಿ ಬಂದ ನೆರಳಿನ ದಾರಿಯನ್ನು ಕುಸಿದ ಬಂಡೆಗಳು ಮುಚ್ಚಿದ್ದವು. ಉಳಿದದ್ದು ಬೆಟ್ಟದ ಏಣಿನ ಮೇಲಿನ ಬಿಸಿಲ ದಾರಿ. ಐದು ಗಂಟೆಯ ನಡಿಗೆ. ಒಂದು ಗಂಟೆ ನಡೆಯುವಷ್ಟರಲ್ಲೇ ಪೆಟ್ಟಿಗೆಗಳ ಹಿಮ ನೀರಾಯಿತು. ಉಷ್ಣಮಾಪಕ ಒಂಬತ್ತಕ್ಕೆ ಏರಿತು.

ಆಮೆ ಪೆಟ್ಟಿಗೆಗೆ ಕಿವಿಯಿಟ್ಟ. ಅಕ್ಕಿ ಜರಡಿ ಹಿಡಿದಂಥ ಸದ್ದು.

"ಎದ್ದುಬಿಟ್ವು," ಎಂದ.

"ಓಡಾಡಿದಷ್ಟೂ ಮೊಟ್ಟೆ ಕಮ್ಮಿ," ಎಂದಳು ಕೀಟತಜ್ಞೆ. "ಅತ್ತಿಗೆ, ಬೇರೆ ದಾರಿ?"

ಅತ್ತಿಗೆ ಎಡಗಡೆಯ ಕೊರಕಲನ್ನು ನೋಡಿದಳು. ಬಿಸಿಲೇ ಬೀಳದ ಇಕ್ಕಟ್ಟು. ತಳದಲ್ಲಿ ಹಿಮ ಕರಗಿದ ನೀರು ಧುಮುಕುತ್ತಿತ್ತು. "ಎರಡು ಗಂಟೆ ಸಾಕು. ನೀರು ಮಂಜುಗಡ್ಡೆ ಥರ ಇರುತ್ತೆ. ಒಂದು ಜಲಪಾತ ಹಗ್ಗದಲ್ಲಿ ಇಳೀಬೇಕು. ನಾನು ಹೇಳಿದಂಗೆ ಕೇಳ್ತೀರಾ?"

ಇಬ್ಬರೂ ತಲೆಯಾಡಿಸಿದರು.

ಮಡು ಸಿಕ್ಕಿದಲ್ಲೆಲ್ಲ ಪೆಟ್ಟಿಗೆಗಳನ್ನು ಕುತ್ತಿಗೆಯವರೆಗೆ ಮುಳುಗಿಸಿ, ಮುಚ್ಚಳ ಮಾತ್ರ ಮೇಲಿಟ್ಟು ತಣಿಸಿದರು. ಒಂಬತ್ತು ಏಳಾಯಿತು, ಐದಾಯಿತು. ಒಳಗಿನ ಸದ್ದು ನಿಂತಿತು.

ಜಲಪಾತದ ನೆತ್ತಿಯಲ್ಲಿ ಅತ್ತಿಗೆ ಹಗ್ಗ ಬಿಗಿದು ಕೀಟತಜ್ಞೆಯನ್ನು ಮೊದಲು ಇಳಿಸಿದಳು. ಆಗಲೇ ಮೇಲಿನಿಂದ ಬಂಡೆಯೊಂದು ಉರುಳಿ ಪಕ್ಕದ ಮಡುವಿಗೆ ಅಪ್ಪಳಿಸಿತು.

ತಣಿಯಲೆಂದು ಅಲ್ಲಿಟ್ಟಿದ್ದ ಪೆಟ್ಟಿಗೆಗಳು ಎಗರಿದವು. ಒಂದು ನೇರವಾಗಿ ಅಂಚು ದಾಟಿ ಕೆಳಗೆ ಬಿದ್ದು ಸೀಳಿಹೋಯಿತು. ನೊರೆಯ ಮೇಲೆ ಕೆಂಪು ಚುಕ್ಕೆಗಳು ಹರಡಿ ಹರಿದುಹೋದವು.

ಇನ್ನೊಂದು ತೇಲುತ್ತ ಅಂಚಿನತ್ತ ಸಾಗಿತು.

ಆಮೆ ನೀರಿಗೆ ಹಾರಿದ. ಎದೆಮಟ್ಟ ನೀರು ಉಸಿರನ್ನೇ ಕಿತ್ತುಕೊಂಡಿತು. ಪೆಟ್ಟಿಗೆಯನ್ನು ಬಂಡೆಗೆ ಒತ್ತಿ ಹಿಡಿದ. ಮುಚ್ಚಳ ಮೇಲಿತ್ತು. ಕಾಲು ಜಾರುತ್ತಿತ್ತು.

ಅತ್ತಿಗೆ ಹಗ್ಗ ಎಸೆದಳು. "ಪೆಟ್ಟಿಗೆ ಬಿಡು, ಹಗ್ಗ ಹಿಡಿ."

"ಎರಡೂ ಹಿಡೀತೀನಿ."

"ನನ್ನ ಮಾತು ಕೇಳ್ತೀನಿ ಅಂದಿದ್ದೆ."

"ಇದೊಂದು ಬಿಟ್ಟು."

ಅವನು ಪೆಟ್ಟಿಗೆಯ ಪಟ್ಟಿಯನ್ನು ಹಲ್ಲಿನಲ್ಲಿ ಕಚ್ಚಿ, ಹಗ್ಗವನ್ನು ಮೊಣಕೈಗೆ ಸುತ್ತಿಕೊಂಡ. ಅತ್ತಿಗೆ ಎರಡೂ ಕಾಲು ಬಂಡೆಗೆ ಕೊಟ್ಟು, ಒಂದೊಂದೇ ಗೇಣು ಎಳೆದಳು. ದಡಕ್ಕೆ ಬಂದಾಗ ಅವನ ತುಟಿ ನೀಲಿಯಾಗಿತ್ತು, ಅಂಗೈ ಸುಲಿದಿತ್ತು. ನಡುಗುತ್ತಲೇ ಉಷ್ಣಮಾಪಕ ನೋಡಿದ. ನಾಲ್ಕು.

ಸಂಜೆ ಬೆಟ್ಟದ ಬುಡದಲ್ಲಿ ನಿಲ್ಲಿಸಿದ್ದ ಜೀಪು ತಲುಪಿದರು. ಪೆಟ್ಟಿಗೆ ತಣ್ಣಗಿರಲೆಂದು ಗಾಜುಗಳನ್ನೆಲ್ಲ ಇಳಿಸಿ, ಚಳಿಯಲ್ಲಿ ಹಲ್ಲು ಕಟಕಟಿಸುತ್ತ ಮೂವರೂ ಊರಿಗೆ ಬಂದರು.

ಕೀಟಶಾಲೆಯಲ್ಲಿ ಕೀಟತಜ್ಞೆ ಒಂದೇ ಒಂದು ಹೆಣ್ಣನ್ನು ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟಳು. "ಬಾ, ನೋಡು."

ಆಮೆ ಬಗ್ಗಿದ. ಒಳಗೆ ಕೆನೆಬಣ್ಣದ ಗುಳ್ಳೆಗಳ ಗೊಂಚಲು ಕಂಡಿತು. "ಇದೇನಾ?"

"ಇದೇ. ಸ್ವಲ್ಪ ಖರ್ಚಾಗಿದೆ. ಸಾಲುತ್ತೆ."

ಉಳಿದ ಹತ್ತು ಸಾವಿರ ಹುಳುಗಳನ್ನು ನಿಧಾನಕ್ಕೆ ಬೆಚ್ಚಗಿನ ಕೋಣೆಗೆ ತಂದು ಹೇನು ತುಂಬಿದ ಚಿಗುರು ಕೊಟ್ಟರು. ಒಂದು ದಿನ, ಮೂರು ದಿನ, ಆರು ದಿನ. ಆಮೆ ದಿನವೂ ಬಂದು ಶೀತಕಪಾಟು ಓಡುತ್ತಿದೆಯೇ ಎಂದು ಕಿವಿಯಿಟ್ಟು ನೋಡಿ ಹೋಗುತ್ತಿದ್ದ.

ಎಂಟನೆಯ ಬೆಳಿಗ್ಗೆ ಕೀಟತಜ್ಞೆ ಎಲೆಯೊಂದನ್ನು ತಿರುವಿ ಅವನ ಮುಂದೆ ಹಿಡಿದಳು. ಎಲೆಯಡಿ ಹಳದಿ ಮೊಟ್ಟೆಗಳು, ಸಾಸಿವೆಗಿಂತ ಸಣ್ಣವು, ಒತ್ತೊತ್ತಾಗಿ ನೆಟ್ಟಗೆ ನಿಂತಿದ್ದವು. ಅವನು ಪಟ್ಟಿ ಕಟ್ಟಿದ ಕೈಯಲ್ಲಿ ಭೂತಗನ್ನಡಿ ಹಿಡಿದು ಎರಡು ಸಲ ಎಣಿಸಿದ.

ಅವಳು ಫೋನು ತೆಗೆದಳು. "ಅತ್ತಿಗೆ, ಇಟ್ಟಿವೆ."

"ಎಷ್ಟು?"

ಅವಳು ಫೋನನ್ನು ಆಮೆಯ ಕಿವಿಗೆ ಹಿಡಿದಳು.

"ಈ ಎಲೇಲಿ ಇಪ್ಪತ್ತೊಂದು," ಎಂದ ಅವನು. "ತಡೀರಿ, ಇನ್ನೂ ಬೇಕಾದಷ್ಟು ಎಲೆ ಇವೆ."

ಸ್ಟೂಲು ಎಳೆದು ಕೂತು, ಮುಂದಿನ ಎಲೆ ತಿರುವಿದ.