ಪಾರ್ಕಿನ ಮೇಲೆ ಹಾಸಿದ ಪಾವು

ರಸ್ತೆ ಇದ್ದಾಗ ರಸ್ತೆಯನ್ನು ಬೈಯುತ್ತಿದ್ದೆ. ಈಗ ಅದರ ಮೇಲೆ ಪಾರ್ಕ್ ಬಂದಿದೆ. ಇನ್ನು ಯಾರನ್ನು ಬೈಯಲಿ?

ನಾನು ಶಾಲೆ ಬಿಟ್ಟು ಮಗ್ಗದ ಮುಂದೆ ಕೂತ ವರ್ಷವೇ ಪೆರಿಯನಾಯಕನಪಾಳ್ಯದ ನಮ್ಮ ನೇಕಾರರ ಬೀದಿಯನ್ನು ಬೈಪಾಸ್ ರಸ್ತೆ ಎರಡು ತುಂಡು ಮಾಡಿತು. ನಡುವೆ ಆಳವಾಗಿ ತೋಡಿ, ಕೆಳಗೆ ಲಾರಿಗಳನ್ನು ಬಿಟ್ಟರು. ಈಚೆ ನಮ್ಮ ಮನೆ ಉಳಿಯಿತು, ಆಚೆ ನನ್ನ ಜೊತೆ ಆಡಿ ಬೆಳೆದ ವೆಲ್ಲಿಂಗಿರಿಯದು.

ಹಬ್ಬಕ್ಕೆ ಮಾತ್ರ ಸುತ್ತಿ ಬಳಸಿ ಬರುತ್ತಿದ್ದ. ನನ್ನನ್ನೇ ನೋಡುತ್ತಿದ್ದ, ನಾನು ತಲೆ ಎತ್ತಿದರೆ ಮಾಡಿನ ಹೆಂಚು ನೋಡುತ್ತಿದ್ದ.

"ಈ ಪಾಳು ರಸ್ತೆ ಇಲ್ದಿದ್ರೆ ದಿನಾ ಬರ್ತಿದ್ದೆ, ರುಕ್ಮಣಿ" ಎಂದಿದ್ದ ಒಮ್ಮೆ. ನಂಬಿದ್ದೆ.

ಬೀದಿಯವರು ವರ್ಷಗಟ್ಟಲೆ ಆಫೀಸುಗಳಿಗೆ ಅಲೆದ ಮೇಲೆ ರಸ್ತೆಗೆ ಅಗಲವಾದ ಸಿಮೆಂಟ್ ಚಾವಣಿ ಹಾಕಿ, ಮಣ್ಣು ತುಂಬಿ, ಹುಲ್ಲು, ಹೊಂಗೆ ಸಸಿ, ಬೆಂಚು ಎಲ್ಲ ಇಟ್ಟರು. ಬೀದಿ ಮತ್ತೆ ಒಂದಾಯಿತು. ಆಚೆಯಿಂದ ಮುದುಕಿಯರು ಬಂದರು, ಮೇಕೆಗಳೂ ಬಂದವು. ವೆಲ್ಲಿಂಗಿರಿ ಬರಲಿಲ್ಲ.

ಈ ಬೆಳಿಗ್ಗೆ ಬಂದ. ಅದೂ ನನಗಾಗಿ ಅಲ್ಲ, ಪಾವಿಗಾಗಿ. ಮಗ್ಗಕ್ಕೆ ಏರಿಸುವ ಉದ್ದನೆಯ ಹಾಸುನೂಲಿಗೆ ನಾವು ಪಾವು ಎನ್ನುತ್ತೇವೆ. ಅದನ್ನು ಬೀದಿಯುದ್ದ ಎಳೆದು ಕಟ್ಟಿ, ಗಂಜಿ ಹಚ್ಚಿ ಕುಂಚದಿಂದ ತೀಡಬೇಕು. ಬೀದಿ ತುಂಡಾದ ಮೇಲೆ ಅಷ್ಟು ಉದ್ದದ ಪಾವು ಹಾಸಿದ್ದು ಇವತ್ತೇ. ಅವನ ಮನೆಯ ಪಾವು. ಆಚೆ ತುದಿಯನ್ನು ಅವನ ಚಿಕ್ಕಪ್ಪಂದಿರು ಹಿಡಿದಿದ್ದರು, ಈಚೆಯದನ್ನು ನಮ್ಮಪ್ಪ. ನಾನು ಪಾರ್ಕಿನ ನಡುವೆ ಗಂಜಿ ಮಡಕೆ ಹಿಡಿದು ನಿಂತಿದ್ದೆ.

ಮಧ್ಯಾಹ್ನ ಮಡತ್ತುಕುಳಂನಿಂದ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಅದು ವೆಲ್ಲಿಂಗಿರಿಗೂ ಗೊತ್ತು. ಆದರೂ ಹುಲ್ಲು ನೋಡುತ್ತ ಕುಂಚ ಎಳೆಯುತ್ತಿದ್ದ. ಹೆಂಚಿನ ಬದಲು ಈಗ ಹುಲ್ಲು!

ನೂಲು ಹರಿದರೆ ಪಾವಿನ ಮನೆಯವರೇ ಬಂದು ಕಟ್ಟಬೇಕು. ಕಟ್ಟುವವರೆಗೆ ತುದಿ ಹಿಡಿದವರು ಕದಲಬಾರದು. ನಮ್ಮಲ್ಲಿ ಹಾಗೆ.

ಉಗುರಿನಿಂದ ಒಂದು ಎಳೆ ಹರಿದೆ. "ನೂಲು ಹೋಯ್ತು!" ಎಂದೆ.

ಬಂದದ್ದು ಅವನಜ್ಜಿ ನಾಚಿಯಮ್ಮ. ಕಟ್ಟಿ ಹೋದಳು. ಹಲ್ಲು ಕಚ್ಚಿ ಇನ್ನೊಂದು ಹರಿದೆ. ಮತ್ತೆ ಅವಳೇ! ಗಂಟು ಹಾಕಿ, ನನ್ನ ಉಗುರು ನೋಡಿ, ಮುಖ ನೋಡಿದಳು.

"ಒಳ್ಳೆ ನೂಲು ಕಣಮ್ಮ ಇದು. ತಾನಾಗಿ ಹರಿಯೋದಲ್ಲ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಅವಳು ಅತ್ತ ತಿರುಗಿದ ಕೂಡಲೇ ಮೂರನೆಯದನ್ನು ಹರಿದೆ.

"ನನ್ಗೆ ಕಣ್ಣು ಕಾಣಲ್ಲ. ಏಯ್ ವೆಲ್ಲಿಂಗಿರಿ, ನೀನೇ ಹೋಗ್ಡಾ!" ಎಂದಳು ಅಜ್ಜಿ.

ಬಂದ. ಕಿವಿ ಕೆಂಪಾಗಿತ್ತು.

"ಎಲ್ಲಿ ಹರಿದಿರೋದು?"

"ಕಾಣಲ್ವಾ? ನಿಂಗೆ ಯಾವತ್ತು ಕಂಡಿದೆ!" ಅಷ್ಟು ದೊಡ್ಡ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು. "ರಸ್ತೆ ಮುಚ್ಚಿದ್ರಲ್ಲ. ಯಾಕೆ ಬರ್ಲಿಲ್ಲ?"

"ದಿನಾ ಆ ಕೊನೆ ಬೆಂಚಿನ ತನಕ ಬರ್ತಿದ್ದೆ. ರಸ್ತೆ ಇದ್ದಾಗ ರಸ್ತೆ ಅಡ್ಡ ಅಂತ ಹೇಳ್ಬೋದಿತ್ತು. ಈಗ ಬಂದು ನೀನು ಬೇಡ ಅಂದ್ರೆ..."

"ಬೇಡ ಅನ್ನೋಳು ಮೂರು ನೂಲು ಹರೀತಾಳಾ, ಮಂಕೇ?"

ಅವನು ಈ ಸಲ ಹೆಂಚನ್ನೂ ನೋಡಲಿಲ್ಲ, ಹುಲ್ಲನ್ನೂ ನೋಡಲಿಲ್ಲ. ಕೆಳಗೆ ಲಾರಿಯೊಂದು ಹೋಗಿ ಕಾಲಡಿಯ ಮಣ್ಣು ನಡುಗಿತು.

"ಕಟ್ಟಪ್ಪ ಬೇಗ, ಗಂಜಿ ಒಣಗುತ್ತೆ!" ಅಪ್ಪ ಕೂಗಿದರು. ಎರಡೂ ಕೈಯಲ್ಲಿ ಪಾವು. ಬೆವರು ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ.

ವೆಲ್ಲಿಂಗಿರಿ ನೂಲಿನ ಎರಡು ತುದಿಯನ್ನೂ ಎತ್ತಿ ಹಿಡಿದ, ಕಟ್ಟಲಿಲ್ಲ.

"ಮಾವ, ಮಡತ್ತುಕುಳತ್ತೋರು ಬರೋದು ಬೇಡ ಅನ್ನಿ. ಕಟ್ತೀನಿ."

ಬೀದಿಗೆ ಬೀದಿಯೇ ನಿಂತು ಕೇಳುತ್ತಿತ್ತು. ಯಾರೂ ಕದಲುವಂತಿರಲಿಲ್ಲ.

"ಯಾರೋ ನಿಂಗೆ ಮಾವ?" ಅಪ್ಪನ ಮುಖ ಕಪ್ಪಿಟ್ಟಿತು. "ರುಕ್ಮಣಿ, ಏನಮ್ಮ ಇದು?"

"ನನ್ಗೂ ಅದೇ ಬೇಕು, ಅಪ್ಪಾ."

ಪಾವಿನ ಮೇಲೆ ಬಿಸಿಲು ಏರುತ್ತಿತ್ತು.

"ಸೆಲ್ಲಪ್ಪಾ, ಹೂಂ ಅನ್ನಪ್ಪ!" ನಾಚಿಯಮ್ಮ ಕೂಗಿದಳು. "ನಿನ್ನ ಮಗಳು ನನ್ನ ಪಾವೆಲ್ಲಾ ಹರಿದು ಹಾಕ್ತಾಳೆ!"

ಯಾರೋ ನಕ್ಕರು. ಅಪ್ಪ ಉಸಿರು ಬಿಟ್ಟರು.

"ಅವರಿಗೆ ಆಳು ಕಳಿಸ್ತೀನಿ. ಸಂಜೆ ಅಜ್ಜಿ ಜೊತೆ ವೀಳ್ಯ ತಗೊಂಡು ಬಾ. ಈಗ ಕಟ್ಟೋ, ಕೈ ಬಿದ್ದು ಹೋಗ್ತಿದೆ!"

ವೆಲ್ಲಿಂಗಿರಿ ಗಂಟು ಹಾಕಲು ನೋಡಿದ. ಗಂಜಿ ಅಂಟಿದ ಬೆರಳಿಂದ ನೂಲು ಜಾರಿತು. ಮತ್ತೆ ಹಾಕಿದ, ಮತ್ತೆ ಜಾರಿತು. ಕೊನೆಗೆ ಅವನ ಕೈಯಿಂದ ಕಿತ್ತುಕೊಂಡು ನಾನೇ ಕಟ್ಟಿದೆ.

ಪಾವಿನ ಮನೆಯವರೇ ಕಟ್ಟಬೇಕು ಎಂದು ಯಾರೂ ಹೇಳಲಿಲ್ಲ.