ಸಿ.ಟಿ.ಯಲ್ಲಿ ಕಾಣದ ಪೆಟ್ಟು

ಬೆಳಿಗ್ಗೆ ತಾಯಿಯೊಬ್ಬಳು ಮಗಳ ಕೈ ಹಿಡಿದುಕೊಂಡು ಠಾಣೆಗೆ ಬಂದಳು. ಹುಡುಗಿಗೆ ಹದಿನೇಳು ವರ್ಷ, ಬಾಕ್ಸಿಂಗ್ ಕಲಿಯುವವಳು. ಬೆಳಕು ತಾಳಲಾರದೆ ಕಣ್ಣಿಗೆ ದುಪಟ್ಟಾ ಕಟ್ಟಿಕೊಂಡಿದ್ದಳು. ದೂರು ತಾಯಿಯ ಒಡಹುಟ್ಟಿದ ಅಣ್ಣನ ಮೇಲೆ. ಹುಡುಗಿಯ ಕೋಚ್ ಅವನೇ.

ಒಂದು ವಾರದಿಂದ ಮಗಳು ಮನೆಯ ಬಾಗಿಲನ್ನೇ ಗುರುತಿಸದೆ ಮುಂದೆ ಹೋಗಿಬಿಡುತ್ತಾಳೆ, ನಿದ್ದೆಯಲ್ಲಿ ಬೆಚ್ಚಿಬೀಳುತ್ತಾಳೆ ಎಂದು ತಾಯಿ ಹೇಳಿದಳು. ಏನಾಯಿತೆಂದು ಹುಡುಗಿಗೆ ನೆನಪಿಲ್ಲ. ಮಾವನ ದನಿ ಕೇಳಿದರೆ ಮಾತ್ರ ಮೈ ನಡುಗುತ್ತದೆ. ಭಾನುವಾರದ ಪಂದ್ಯಕ್ಕೆ ಅವಳನ್ನು ಇಳಿಸಿಯೇ ಇಳಿಸುತ್ತೇನೆಂದು ಅವನು ಪಟ್ಟು ಹಿಡಿದಿದ್ದ.

ಅವನೇ ತಲೆಗೆ ಹೊಡೆದಿರಬೇಕೆಂಬ ತಾಯಿಯ ದೂರಿನ ಮೇಲೆ ಎಫ್‌ಐಆರ್ ದಾಖಲಾಯಿತು. ಇನ್‌ಸ್ಪೆಕ್ಟರ್ ಕರೆಸಿದಾಗ ಅವನು ಹುಡುಗಿಯ ಸಿ.ಟಿ. ಸ್ಕ್ಯಾನ್ ವರದಿಯನ್ನು ಮೇಜಿನ ಮೇಲಿಟ್ಟ. ಅದರಲ್ಲಿ ದೋಷವೇನೂ ಇರಲಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದವಳು ಪಂದ್ಯ ತಪ್ಪಿಸಲು ನಾಟಕ ಆಡುತ್ತಿದ್ದಾಳೆ ಎಂದ. ಸಾಕ್ಷಿಯಿಲ್ಲದೆ ಅವನನ್ನು ಬಿಡಬೇಕಾಯಿತು. ಹೋಗುವಾಗ ತಂಗಿಯನ್ನೊಮ್ಮೆ ನೋಡಿದ. ಅವಳು ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಸಣ್ಣ ಗಾಯಗಳು ಸಿ.ಟಿ.ಯ ಕಣ್ಣು ತಪ್ಪಿಸಬಹುದೆಂದು ಸರ್ಕಾರಿ ಆಸ್ಪತ್ರೆಯ ವೈದ್ಯೆ ಎಂ.ಆರ್.ಐ. ಬರೆದರು. ಯಂತ್ರದ ಕೊಳವೆಯೊಳಗೆ ಬಡಿತದ ಸದ್ದು ಶುರುವಾದದ್ದೇ ಹುಡುಗಿ, “ಮಾವ, ಬೇಡ ಮಾವ,” ಎಂದು ಅಳತೊಡಗಿದಳು. ಮಹಿಳಾ ಕಾನ್‌ಸ್ಟೆಬಲ್ ಅವಳ ಪಾದ ಹಿಡಿದು ನಿಂತ ಮೇಲೆ ಪರೀಕ್ಷೆ ಮುಗಿಯಿತು. ಮಿದುಳಿನ ಚಿತ್ರದಲ್ಲಿ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆಗಳಿದ್ದವು. ರಕ್ತ ಜಿನುಗಿದ ಜಾಗಗಳು.

“ಯಾರು ಹೊಡೆದ್ರು ಅಂತ ಇದು ಹೇಳಲ್ಲ,” ಎಂದರು ವೈದ್ಯೆ. “ಆದ್ರೆ ಹುಡುಗಿ ನಾಟಕ ಆಡ್ತಿಲ್ಲ. ಇದು ವಾಸಿಯಾಗೋ ಮೊದ್ಲು ಇನ್ನೊಂದು ಪೆಟ್ಟು ಬಿದ್ರೆ ಜೀವಕ್ಕೇ ಅಪಾಯ.”

ಮಧ್ಯಾಹ್ನ ತರಬೇತಿ ಕೊಠಡಿಯಲ್ಲಿ ಪಂಚನಾಮೆ ನಡೆಯಿತು. ಅಲ್ಲಿದ್ದ ಹುಡುಗಿಯರು ಬಾಯಿಗೆ ಬೀಗ ಹಾಕಿಕೊಂಡಿದ್ದರು. ಇನ್‌ಸ್ಪೆಕ್ಟರ್ ವೈದ್ಯೆಯ ಮಾತನ್ನು ಅವರಿಗೆ ತಿಳಿಸಿದರು. ಆಗ ಒಬ್ಬಳು, ಕೋಚ್ ಹೊರಗಿಲ್ಲವಷ್ಟೇ ಎಂದು ಎರಡು ಸಲ ಕೇಳಿ, ಬಾಗಿಲು ಹಾಕಿಸಿದಳು.

“ಆಡಲ್ಲ ಅಂದ್ಳು. ಕೂದ್ಲು ಹಿಡಿದು ಆ ಕಂಬಕ್ಕೆ ಗುದ್ದಿಸಿದ್ರು. ನಾವೆಲ್ಲ ನೋಡಿದ್ವಿ.”

ಒಬ್ಬಳು ಬಾಯಿಬಿಟ್ಟ ಮೇಲೆ ಉಳಿದವರೂ ಹೇಳಿದರು. ಸಂಜೆಯೊಳಗೆ ಕೋಚ್‌ನನ್ನು ಬಂಧಿಸಲಾಯಿತು.

ವಿಚಾರಣೆಯಲ್ಲಿ ಅವನು ಒಪ್ಪಿಕೊಂಡ. ಅವಳ ವಯಸ್ಸಿನಲ್ಲಿ ತಾನೂ ಒಂದು ಫೈನಲ್‌ನಲ್ಲಿ ಹೆದರಿ ರಿಂಗ್‌ನಿಂದ ಇಳಿದುಬಿಟ್ಟಿದ್ದ. ಅಪ್ಪ ಸಾಯುವ ತನಕ ಅವನನ್ನು ಹೆಸರು ಹಿಡಿದು ಕರೆಯಲಿಲ್ಲ, ಪುಕ್ಕಲ ಎಂದೇ ಕರೆದ. ಅದೇ ಹೆದರಿದ ಕಣ್ಣು ತಂಗಿಯ ಮಗಳ ಮುಖದಲ್ಲಿ ಕಂಡಿತಂತೆ.

“ಹೆದರಿಕೆ ಬಿಡಿಸೋಣ ಅಂತ ಮಾಡ್ದೆ ಸರ್.”

“ಅವಳು ಯಾರಿಗೆ ಹೆದರಿದ್ದು ಅಂತ ಗೊತ್ತಾ?” ಇನ್‌ಸ್ಪೆಕ್ಟರ್ ಕೇಳಿದರು.

“ಎದುರಾಳಿಗೆ,” ಎಂದ ಅವನು. ಎಂ.ಆರ್.ಐ. ಯಂತ್ರದೊಳಗೆ ಅವಳು ಅತ್ತು ಹೇಳಿದ ಮಾತನ್ನು ಇನ್‌ಸ್ಪೆಕ್ಟರ್ ತಿಳಿಸಿದಾಗ ತಲೆ ಎತ್ತಿ, “ನನಗಾ?” ಎಂದ.